ಕ್ಲಾಸಿನಲ್ಲೇ ಮೊಬೈಲ್ ತೆಗೆಸಿ, ಹತ್ತು ನಿಮಿಷ ಸಾಕು

ಮೊಬೈಲ್ ಬೇಡ ಅಂತ ಎಷ್ಟು ಹೇಳಿದರೂ ಡಿಗ್ರಿ ಕ್ಲಾಸಿನಲ್ಲಿ ಅದು ಬೆಂಚಿನ ಕೆಳಗೆ ಇದ್ದೇ ಇರುತ್ತದೆ, ಅಲ್ವಾ? ನಾನು ಬಿಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಈಗ ಅದನ್ನು ಬೆಂಚಿನ ಮೇಲೇ ಇಡಿಸಿ, ಹತ್ತು ನಿಮಿಷ ಕೆಲಸ ಕೊಟ್ಟು, ಮತ್ತೆ ಬ್ಯಾಗಿಗೆ ಹಾಕಿಸುತ್ತೇನೆ. ಸುಮ್ನೆ ಪಿಡಿಎಫ್ ಕಳಿಸಿದರೆ ಏನೂ ಆಗುವುದಿಲ್ಲ, ಯಾರೂ ತೆರೆಯುವುದಿಲ್ಲ. ಮಕ್ಕಳು ಫೋನಿನಲ್ಲಿ ಏನಾದರೂ ಅಳೆಯಬೇಕು, ಉತ್ತರ ಹೇಳಬೇಕು, ಮಾತಾಡಬೇಕು.

ಅಳೆಯುವುದಕ್ಕೆ ಫೈಫಾಕ್ಸ್ ಆ್ಯಪ್ ಹಾಕಿಸಿ. ಜರ್ಮನಿಯ ಆಖನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಪ್ರಯೋಗಕ್ಕೆ ನೆಟ್ಟೂ ಬೇಡ. ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ಅಂತ ಇದೆ, ಮೊದಲ ಶಬ್ದಕ್ಕೆ ಶುರುವಾಗಿ ಎರಡನೆಯದಕ್ಕೆ ನಿಲ್ಲುತ್ತದೆ. ಒಂದು ಬಲೂನಿಗೆ ಗಿಡ್ಡ ದಾರದಲ್ಲಿ ಕಬ್ಬಿಣದ ನಟ್ಟು ಕಟ್ಟಿ, ನೆಲದ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ, ನಟ್ಟು ತಟ್ಟೆಯಿಂದ ಸರಿಯಾಗಿ 1.2 ಮೀಟರ್ ಮೇಲಿರುವ ಹಾಗೆ ಹಿಡಿದು, ಬಲೂನಿಗೆ ಪಿನ್ ಚುಚ್ಚಿ. ಟಪ್ ಅಂದಾಗ ಗಡಿಯಾರ ಶುರು, ಠಣ್ ಅಂದಾಗ ಸ್ಟಾಪ್. ಫೋನನ್ನು ಮಧ್ಯದ ಎತ್ತರದಲ್ಲಿ ಹಿಡಿಯಬೇಕು, ಎರಡೂ ಶಬ್ದ ಹೆಚ್ಚುಕಮ್ಮಿ ಒಂದೇ ದೂರದಿಂದ ಬರಲಿ. ಫ್ಯಾನ್ ಆಫ್ ಮಾಡಿ. ಆದರೂ ಸುಮ್ಮನಿದ್ದಾಗಲೇ ಓಡಲು ಶುರುವಾದರೆ ಥ್ರೆಶೋಲ್ಡ್, ಅಂದರೆ ಎಷ್ಟು ಜೋರು ಶಬ್ದಕ್ಕೆ ಗಡಿಯಾರ ಓಡಬೇಕು ಅನ್ನುವ ಮಿತಿ, ಸ್ವಲ್ಪ ಜಾಸ್ತಿ ಮಾಡಿ.

ಆಮೇಲೆ ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವುದು, ಸಿಗುತ್ತದೆ. 0.50 ಸೆಕೆಂಡ್ ಬಂದ ಗುಂಪಿಗೆ 9.6, 0.49 ಬಂದವರಿಗೆ 10. ಸೆಕೆಂಡಿನ ನೂರನೇ ಒಂದು ಭಾಗ ಆಚೀಚೆ ಆದರೆ ಇಷ್ಟು ವ್ಯತ್ಯಾಸ! ಅಳತೆಯಲ್ಲಿ ಎರರ್ ಅಂದರೇನು ಅಂತ ನಾನು ಬೋರ್ಡಿನ ಮೇಲೆ ಒಂದು ಗಂಟೆ ಹೇಳಿದ್ದಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ಎಲ್ಲರ ಹತ್ತಿರ ಫೋನ್ ಇಲ್ಲದಿದ್ದರೆ ನಾಲ್ಕು ಜನಕ್ಕೆ ಒಂದು ಸಾಕು. ಪ್ರಶ್ನೆ ಕೇಳುವುದಕ್ಕಂತೂ ನಿಮ್ಮ ಒಂದೇ ಫೋನ್ ಸಾಕು: ಪ್ಲಿಕರ್ಸ್ ಅನ್ನುವ ಆ್ಯಪ್‌ನ ಕಾರ್ಡುಗಳನ್ನು ಪ್ರಿಂಟ್ ತೆಗೆದು ಹಂಚಿ, ಮಕ್ಕಳು ಉತ್ತರಕ್ಕೆ ತಕ್ಕಂತೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿದರೆ ನಿಮ್ಮ ಕ್ಯಾಮೆರಾ ಎಲ್ಲರದ್ದನ್ನೂ ಓದಿಕೊಳ್ಳುತ್ತದೆ. ಯಾರು ಏನು ಹೇಳಿದರು ಅಂತ ಪಕ್ಕದವರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಮೇಲಕ್ಕೆ ಎಸೆದ ಕಲ್ಲು ತುತ್ತತುದಿಯಲ್ಲಿದ್ದಾಗ ಅದರ ವೇಗೋತ್ಕರ್ಷ ಎಷ್ಟು ಅಂತ ಕೇಳಿ ನೋಡಿ. ಸೊನ್ನೆ ಅನ್ನುವವರು ತುಂಬ ಸಿಗುತ್ತಾರೆ, ಆದರೆ ಅಲ್ಲೂ ಅದು ಗುರುತ್ವ ವೇಗೋತ್ಕರ್ಷದಷ್ಟೇ ಇರುತ್ತದೆ. ಸರಿ ಉತ್ತರ ಆಗಲೇ ಹೇಳಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲು ಬಿಟ್ಟು, ಅದೇ ಪ್ರಶ್ನೆ ಮತ್ತೆ ಕೇಳಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಇದು, ನಮ್ಮ ಕ್ಲಾಸಿಗೂ ಸರಿಯಾಗಿ ಒಗ್ಗುತ್ತದೆ.

ಮನೆಗೆ ಕೆಲಸ ಕೊಡುವಾಗ ಮಾತ್ರ ಹುಷಾರು. ಒಮ್ಮೆ ನಾನು ಉದ್ದದ ವಿಡಿಯೊ ಕಳಿಸಿ, ನಾಳೆ ನೋಡಿಕೊಂಡು ಬನ್ನಿ ಅಂದಿದ್ದೆ. ಮಾರನೇ ದಿನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು, "ಸರ್, ಫೋನ್ ಅಣ್ಣಂದು, ಅವನು ಕೆಲಸದಿಂದ ಬರೋದೇ ರಾತ್ರಿ ಎಂಟಕ್ಕೆ, ಅಷ್ಟೊತ್ತಿಗೆ ಡೇಟಾ ಮುಗಿದಿರುತ್ತೆ" ಅಂದಳು. ನಾನು ಇದನ್ನು ಮೊದಲೇ ಕೇಳಬೇಕಿತ್ತು. ಸೆಮಿಸ್ಟರ್ ಶುರುವಿನಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ಫೋನ್ ಸ್ವಂತದ್ದಾ, ಯಾವ ಹೊತ್ತಿಗೆ ಕೈಗೆ ಸಿಗುತ್ತದೆ, ಊರಲ್ಲಿ ನೆಟ್‌ವರ್ಕ್ ಹೇಗಿದೆ. ಹೆಸರು ಓದಿ ಎಲ್ಲರ ಮುಂದೆ ಕೇಳಬೇಡಿ.

ಈಗ ನಾನು ವಾಟ್ಸಾಪ್ ಗ್ರೂಪಿಗೆ ಒಂದೇ ಪ್ರಶ್ನೆ ಹಾಕುತ್ತೇನೆ, ಉತ್ತರಕ್ಕೆ ಎರಡು ದಿನ ಟೈಮ್. ಒಂದು ನಿಮಿಷದ ವಾಯ್ಸ್ ಮೆಸೇಜ್, ಕನ್ನಡದಲ್ಲಾದರೂ ಸರಿ, ನನಗೆ ಮಾತ್ರ ಕಳಿಸಿದರೂ ಸರಿ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲು ತಡವರಿಸುವ ಹುಡುಗ ಕಲ್ಲು ಯಾಕೆ ಕೆಳಗೆ ಬರುತ್ತದೆ ಅಂತ ಅವನ ಮಾತಿನಲ್ಲಿ ಹೇಳುವಾಗ, ಅವನಿಗೆ ಎಲ್ಲಿ ಅರ್ಥ ಆಗಿದೆ, ಎಲ್ಲಿ ಕೈಕೊಟ್ಟಿದೆ ಅಂತ ನನಗೆ ಅಲ್ಲೇ ಕೇಳಿಸುತ್ತದೆ. ಮಾರನೇ ಕ್ಲಾಸನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.