ಮೂತ್ರದ ವಾಸನೆ ಬದಲಾದರೆ ಏನು ಮಾಡಬೇಕು?

ಜಯನಗರದ ಒಂದು ಲ್ಯಾಬ್‌ನಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಕೆಲಸ ನನ್ನದು. "ಮೇಡಂ, ಎರಡು ದಿನದಿಂದ ಮೂತ್ರ ಘಾಟು ಹೊಡೀತಿದೆ, ಕಲ್ಚರ್ ಮಾಡಿಬಿಡಿ" (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆ) ಎಂದು ಬರುವ ಎಷ್ಟೋ ಜನ ಬೆಳಗ್ಗೆಯಿಂದ ಕಾಫಿ ಬಿಟ್ಟರೆ ಏನೂ ಕುಡಿದಿರುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಎಂಬ ಭಯಕ್ಕೆ ಹೆಣ್ಣುಮಕ್ಕಳಂತೂ ನೀರಿನ ಬಾಟಲಿ ಮುಟ್ಟುವುದೇ ಇಲ್ಲ.

ಹಾಗಾಗಿ ಮೊದಲು ಒಂದು ದಿನ ಚೆನ್ನಾಗಿ ನೀರು ಕುಡಿದು ನೋಡಿ. ಬಣ್ಣ ತಿಳಿಯಾಗಿ ಘಾಟು ಹೋದರೆ ಮುಗಿಯಿತು. (ಕಿಡ್ನಿ, ಹೃದಯದ ತೊಂದರೆ ಇರುವವರು ಡಾಕ್ಟರ್ ಹೇಳಿದ ಅಳತೆ ಮೀರಬೇಡಿ.)

ಆಮೇಲೆ ತಿಂದಿದ್ದು ನೆನಪು ಮಾಡಿಕೊಳ್ಳಿ. ಮೆಂತ್ಯ ಜಾಸ್ತಿ ತಿಂದರೆ ಮೂತ್ರಕ್ಕೂ ಬೆವರಿಗೂ ಸುಟ್ಟ ಸಕ್ಕರೆಯಂಥ ವಾಸನೆ ಬರುತ್ತದೆ. ಮೆಂತ್ಯದ ಉಂಡೆ ತಿನ್ನುವ ಬಾಣಂತಿಯರು ಇದಕ್ಕೆ ಹೆದರಬೇಕಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದಲೂ ಬಣ್ಣ, ವಾಸನೆ ಬದಲಾಗುತ್ತವೆ.

ವಾಸನೆಯ ಜೊತೆ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ರಕ್ತ ಕಂಡರೆ, ಚಳಿಜ್ವರ, ಪಕ್ಕೆನೋವು ಬಂದರೆ ಅವತ್ತೇ ಹೋಗಿ. ಗರ್ಭಿಣಿಯರು ಕಾಯಬೇಡಿ, ಪುಟ್ಟ ಮಕ್ಕಳಿಗೆ ಹೀಗಾದರೂ ತಾಯಂದಿರು ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರ ಉಸಿರು ಕಳಿತ ಹಣ್ಣಿನಂತೆ ನಾರುತ್ತಾ ವಾಂತಿ, ಏದುಸಿರು ಶುರುವಾದರೆ ಲ್ಯಾಬಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಬಿಳಿಸೆರಗಿಗೆ ಮೀನಿನ ವಾಸನೆ ಬಂದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಆ ಜಾಗ ತೊಳೆಯಲೆಂದು ಮಾರುವ ಪರಿಮಳದ ವಾಶ್ ಕೊಳ್ಳಲೇಬೇಡಿ, ಅದರಿಂದ ಕೆರಳುವುದೇ ಹೆಚ್ಚು.

ಜನ ಎಡವುವುದು ಸ್ಯಾಂಪಲ್ ಕೊಡುವಾಗ. ಒಬ್ಬರು ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿ ತಂದಿದ್ದರು. ಅದೂ ಮೂರು ಗಂಟೆ ಬ್ಯಾಗಿನಲ್ಲಿ ಇಟ್ಟುಕೊಂಡು! ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತು ಬೆಳೆದು ವರದಿ ಕೆಟ್ಟಿತು, ಪಾಪ, ಮತ್ತೆ ಬರಬೇಕಾಯಿತು.

ಲ್ಯಾಬಿನ ಸ್ಟೆರೈಲ್ (ಬ್ಯಾಕ್ಟೀರಿಯಾ ಇಲ್ಲದ) ಡಬ್ಬಿಯನ್ನೇ ಬಳಸಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮೂತ್ರ ಬರುವ ಜಾಗವನ್ನು ಬರೀ ನೀರಿನಲ್ಲಿ ತೊಳೆದು ಒರೆಸಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಮುಚ್ಚಳವನ್ನು ಅಂಗಾತ ಇಡಿ, ಒಳಭಾಗಕ್ಕೆ ಬೆರಳು ತಾಗಬಾರದು. ಮೊದಲ ಧಾರೆಯನ್ನು ಟಾಯ್ಲೆಟ್‌ಗೆ ಬಿಡಿ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರಲ್ಲಿ ಕೊಚ್ಚಿ ಹೋಗುತ್ತವೆ. ನಿಲ್ಲಿಸದೆ, ನಡುವಿನ ಧಾರೆಗೆ ಡಬ್ಬಿ ಹಿಡಿಯಿರಿ. ಅರ್ಧ ಡಬ್ಬಿ ಸಾಕು. ಉಳಿದದ್ದು ಮತ್ತೆ ಟಾಯ್ಲೆಟ್‌ಗೆ. ಮುಟ್ಟಾಗಿದ್ದರೆ ಮೊದಲೇ ಹೇಳಿ.

ಮನೆಯಲ್ಲಿ ಹಿಡಿದರೆ ಒಂದು ಗಂಟೆಯೊಳಗೆ ತಲುಪಿಸಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದು ಕಷ್ಟ, ಅಲ್ವಾ? ಅದಕ್ಕೇ ಲ್ಯಾಬಿಗೆ ಬಂದೇ ಕೊಡಿ ಅನ್ನುತ್ತೇನೆ. ತಡವಾಗುವುದು ಗೊತ್ತಿದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಆಂಟಿಬಯೋಟಿಕ್ ನುಂಗಿ ಬಂದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಸೋಂಕು ಮಾತ್ರ ಹಾಗೇ ಉಳಿದಿರಬಹುದು. ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ. ಆಗಲೇ ನುಂಗಿದ್ದರೆ ಮುಚ್ಚಿಡಬೇಡಿ, ಮಾತ್ರೆಯ ಪಟ್ಟಿಯನ್ನೇ ತಂದು ನಮಗೆ ತೋರಿಸಿ.