ಆಪರೇಷನ್‌ಗೂ ಮುಂಚೆಯೇ ಬೆಚ್ಚಗೆ

ನಾನು ಅರಿವಳಿಕೆ ಡಾಕ್ಟರು. ಮನೆ ಮಂಡ್ಯದಲ್ಲಿ. ಮದ್ದೂರು, ಪಾಂಡವಪುರ ಕಡೆಯ ನರ್ಸಿಂಗ್ ಹೋಮ್‌ಗಳಿಂದ ಫೋನ್ ಬಂದರೆ ಬ್ಯಾಗ್ ಎತ್ತಿಕೊಂಡು ಹೊರಡುತ್ತೇನೆ. ಆ ಬ್ಯಾಗಿನಲ್ಲಿ ಟೆಂಪರೇಚರ್ ಪ್ರೋಬ್ ಕೂಡ ಇರುತ್ತದೆ. ಯಾಕೆಂದರೆ ಸಣ್ಣ ಥಿಯೇಟರ್‌ಗಳ ಮಾನಿಟರ್‌ನಲ್ಲಿ ಬಿಪಿ, ನಾಡಿ, ಆಕ್ಸಿಜನ್ ಎಲ್ಲ ಕಾಣುತ್ತದೆ, ಟೆಂಪರೇಚರ್ ಜಾಗದಲ್ಲಿ ಮಾತ್ರ ಬರೀ ಗೆರೆ. ಪ್ರೋಬ್ ಕೇಳಿದರೆ "ಇಲ್ಲೇ ಎಲ್ಲೋ ಇತ್ತು ಮೇಡಂ" ಅನ್ನುತ್ತಾರೆ.

ಆಪರೇಷನ್ ವೇಳೆ ರೋಗಿಯ ಮೈ ತಣ್ಣಗಾದರೆ ಆಮೇಲೆ ಹೊಲಿಗೆ ಕೀವಾಗುವ ಸಾಧ್ಯತೆ ಜಾಸ್ತಿ. ತಣ್ಣಗಾದದ್ದಕ್ಕೆ ಎಲ್ಲರೂ ಎಸಿ ಕಡೆ ಕೈ ತೋರಿಸುತ್ತಾರೆ. ಎಸಿಯ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲ ಒಂದು ಗಂಟೆಯಲ್ಲಿ ಮೈ ಒಳಗಿನ ಶಾಖ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯುವುದಕ್ಕೆ ದೊಡ್ಡ ಕಾರಣ ನಾವು ಕೊಡುವ ಮತ್ತಿನ ಔಷಧಿಯೇ. ಚಳಿಯಾದಾಗ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಹಿಡಿದು, ಶಾಖವನ್ನು ಎದೆ, ಹೊಟ್ಟೆ, ತಲೆಯಲ್ಲಿ ಉಳಿಸಿಕೊಂಡಿರುತ್ತದೆ. ಮತ್ತಿನ ಔಷಧಿ ಕೊಟ್ಟ ಕೂಡಲೇ ಆ ಹಿಡಿತ ಸಡಿಲ. ನಾಲೆಯ ತೂಬು ಎತ್ತಿದ ಹಾಗೆ ಬಿಸಿ ರಕ್ತ ಕೈಕಾಲಿಗೆ ನುಗ್ಗುತ್ತದೆ, ತಣ್ಣಗಾಗಿ ಒಳಗೆ ವಾಪಸ್ ಬರುತ್ತದೆ. ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಅಲ್ಲಿ ಇದೇ ಕಥೆ.

ಇದಕ್ಕೂ ಹೊಲಿಗೆ ಕೀವಾಗುವುದಕ್ಕೂ ಏನು ಸಂಬಂಧ? ಮೈ ತಣ್ಣಗಾಗಿ ಚರ್ಮದ ರಕ್ತನಾಳ ಮತ್ತೆ ಮುದುಡಿಕೊಂಡರೆ ಗಾಯಕ್ಕೆ ಆಕ್ಸಿಜನ್ ಸಾಲುವುದಿಲ್ಲ. ಆಕ್ಸಿಜನ್ ಇಲ್ಲದೆ ಬಿಳಿ ರಕ್ತಕಣ ಕ್ರಿಮಿಗಳನ್ನು ಸರಿಯಾಗಿ ಕೊಲ್ಲಲಾರದು. 1996ರಲ್ಲಿ ಅರಿವಳಿಕೆ ಸಂಶೋಧಕರಾದ ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ಮತ್ತು ಜೊತೆಯವರು ದೊಡ್ಡ ಕರುಳಿನ ಆಪರೇಷನ್ ಆದ 200 ಜನರಲ್ಲಿ ಇದನ್ನು ನೋಡಿದರು. ಬೆಚ್ಚಗಿಟ್ಟವರಲ್ಲಿ ನೂರಕ್ಕೆ 6 ಮಂದಿಗೆ ಗಾಯದ ಸೋಂಕು, ಸುಮಾರು 34.7 ಡಿಗ್ರಿಗೆ ಇಳಿದವರಲ್ಲಿ 19 ಮಂದಿಗೆ. ನನ್ನ ಕೆಲಸ ಬದಲಾದದ್ದು ಮಾತ್ರ 2001ರ ಇಂಗ್ಲೆಂಡಿನ ಅಧ್ಯಯನದಿಂದ. ಹರ್ನಿಯಾ, ಸ್ತನ, ಕಾಲಿನ ಉಬ್ಬಿದ ನರ, ಅಂದರೆ ನಮ್ಮಲ್ಲೂ ದಿನಾ ಆಗುವ ಚಿಕ್ಕ ಆಪರೇಷನ್‌ಗಳು. ಮುಂಚೆ ಅರ್ಧ ಗಂಟೆ ಬೆಚ್ಚಗೆ ಮಾಡಿದ್ದಷ್ಟೇ. ಸೋಂಕು ನೂರಕ್ಕೆ 14ರಿಂದ 5ಕ್ಕೆ ಇಳಿದಿತ್ತು.

ಹಾಗಾಗಿ ನನ್ನ ಕೆಲಸ ಶುರುವಾಗುವುದು ಥಿಯೇಟರ್ ಹೊರಗಿನ ಸ್ಟೀಲ್ ಬೆಂಚಿನಲ್ಲಿ. ಡಿಸೆಂಬರ್ ಬೆಳಗ್ಗೆ, ಹರ್ನಿಯಾ ಆಪರೇಷನ್‌ಗೆ ಬಂದ ತಾತ. ರಾತ್ರಿಯಿಂದ ಹೊಟ್ಟೆಗಿಲ್ಲ, ಮೈ ಮೇಲೆ ಹಿಂದೆ ದಾರ ಕಟ್ಟುವ ತೆಳು ಹಸಿರು ಗೌನು, ಬರಿಗಾಲು ಟೈಲ್ಸ್ ಮೇಲೆ. ಪಾದ ಮುಟ್ಟಿ ನೋಡಿದರೆ ಕೊರೆಯುತ್ತಿತ್ತು. "ಚಳಿ ಆಯ್ತಾ ಇಲ್ವಾ ತಾತ?" ಅಂದೆ. "ಅಯ್ಯೋ ಬುಡಿ ಡಾಕ್ಟ್ರವ್ವ, ಗದ್ದೆಗ್ ನೀರ್ ಕಟ್ಟಕ್ ಹೋದ್ರೆ ಇದ್ಕಿಂತ ಸಳಿ" ಅಂದರು. ಮನೆಯಿಂದ ತಂದ ಮಂಕಿ ಕ್ಯಾಪು, ಸಾಕ್ಸ್ ಎರಡನ್ನೂ ಸಿಸ್ಟರ್ ಬಿಚ್ಚಿಸಿ ಮಗನ ಕೈಗೆ ಕೊಟ್ಟಿದ್ದರು. ವಾಪಸ್ ಹಾಕಿಸಿದೆ, ಕಂಬಳಿ ಹೊದಿಸಿದೆ. ಬಿಸಿಗಾಳಿ ಊದುವ ಮೆಷಿನ್ ಇರುವ ಕಡೆ ಅದನ್ನೇ ಅರ್ಧ ಗಂಟೆ ಹಾಕುತ್ತೇನೆ. ಅದು ಒಳ್ಳೆಯದು. ಕಂಬಳಿ ಇರುವ ಶಾಖ ಉಳಿಸುತ್ತದೆ ಅಷ್ಟೇ, ಹೊಸದಾಗಿ ಕೊಡುವುದಿಲ್ಲ. ಒಂದರ ಮೇಲೆ ನಾಲ್ಕು ಹೊದಿಸಿದರೂ ಜಾಸ್ತಿ ಪ್ರಯೋಜನ ಇಲ್ಲ. ಅರ್ಜೆಂಟ್ ಕೇಸ್ ಅಲ್ಲದಿದ್ದರೆ 36 ಡಿಗ್ರಿ ಕಾಣುವ ತನಕ ಮತ್ತಿನ ಔಷಧಿ ಕೊಡುವುದಿಲ್ಲ.

ಒಳಗೆ ಹೋದ ಮೇಲೆ ಸರ್ಜನ್ ಜೊತೆ ಎಸಿ ಒಪ್ಪಂದ. ಗೌನು ತೊಟ್ಟು ದೊಡ್ಡ ಲೈಟಿನ ಕೆಳಗೆ ನಿಂತವರಿಗೆ ಬೆವರುತ್ತದೆ, ಅವರ ತಪ್ಪೇನಿಲ್ಲ. ಅಯೋಡಿನ್ ಹಚ್ಚಿ, ಬಟ್ಟೆ ಮುಚ್ಚಿ, ಬಿಸಿಗಾಳಿ ಶುರುವಾಗುವ ತನಕ ರೂಮು 21ಕ್ಕಿಂತ ಕೆಳಗೆ ಬೇಡ. ಆಮೇಲೆ ನಿಮ್ಮಿಷ್ಟ ಸಾರ್, ಅನ್ನುತ್ತೇನೆ.

ಡ್ರಿಪ್ ಬಾಟಲಿಗಳೂ ಬೆಚ್ಚಗಿರಬೇಕು. ರೂಮಿನ ಶಾಖದಲ್ಲಿರುವ ಒಂದು ಲೀಟರ್ ಡ್ರಿಪ್ ದೊಡ್ಡವರ ಮೈಯನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ. ಹೊಟ್ಟೆ ತೊಳೆಯುವ ಸಲೈನ್ ಕೂಡ ಹಾಗೆಯೇ. ಒಂದು ಅಭ್ಯಾಸ ಮಾತ್ರ ಎಲ್ಲೇ ಕಂಡರೂ ನಿಲ್ಲಿಸುತ್ತೇನೆ: ಬಾಟಲಿಗೆ ಬಿಸಿನೀರು ತುಂಬಿ ರೋಗಿಯ ಕಾಲ ಪಕ್ಕ ಇಡುವುದು. ಸ್ಪೈನಲ್ ಆದ ಕಾಲಿಗೆ ಸುಟ್ಟರೂ ಗೊತ್ತಾಗಲ್ಲ. ಬೊಬ್ಬೆ ಎದ್ದ ಮೇಲೆ ನಮಗೆ ಗೊತ್ತಾಗುತ್ತದೆ ಅಷ್ಟೇ.

ಹಾಗಂತ 37ರ ಹಿಂದೆ ಬೀಳುವ ಅಗತ್ಯವೂ ಇಲ್ಲ. 2022ರಲ್ಲಿ ಚೀನಾ ಮತ್ತು ಅಮೆರಿಕದಲ್ಲಿ 5,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, 35.5ರ ಸುತ್ತ ಇಟ್ಟವರಿಗೂ 37ಕ್ಕೆ ಇಟ್ಟವರಿಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಇದು ನೆಮ್ಮದಿಯ ವಿಷಯ. ದುಬಾರಿ ಮೆಷಿನ್ ಇಲ್ಲದ ಕಡೆಯೂ 36ರ ಹತ್ತಿರ ಹಿಡಿದಿಡಬಹುದು ಅಲ್ವಾ? 34ಕ್ಕೆ ಜಾರಲು ಬಿಡದಿದ್ದರೆ ಸಾಕು. ಸಮಯಕ್ಕೆ ಸರಿಯಾಗಿ ಆಂಟಿಬಯಾಟಿಕ್, ಹತೋಟಿಯಲ್ಲಿರುವ ಶುಗರ್, ತೊಳೆದ ಕೈ ಇವು ಇಲ್ಲದೆ ಬರೀ ಬೆಚ್ಚಗಿಟ್ಟು ಉಪಯೋಗವಿಲ್ಲ, ಅದು ಬೇರೆ ಮಾತು.

ಆಪರೇಷನ್ ಮುಗಿದ ಮೇಲೆ ಇನ್ನೊಮ್ಮೆ ಅಳೆದು ಕೇಸ್ ಶೀಟಿನಲ್ಲಿ ಬರೆಸುತ್ತೇನೆ. 36 ಇಲ್ಲದಿದ್ದರೆ ವಾರ್ಡಿಗೆ ಕಳಿಸುವುದಿಲ್ಲ, ಮುಂದಿನ ಕೇಸಿನವರು ಬಾಗಿಲಲ್ಲಿ ಎಷ್ಟೇ ಅವಸರ ಮಾಡಿದರೂ.