ಬೆನ್ನಿನ ಮಣಿ ಕುಸಿದ ಮೇಲೆ

ನೀರು ತುಂಬಿದ ಬಕೆಟ್ ಎತ್ತುವಾಗ ನನ್ನ ಬೆನ್ನಿನ ಮಣಿ ಕುಸಿಯಿತು. ಬಿದ್ದಿರಲಿಲ್ಲ, ಜಾರಿರಲಿಲ್ಲ. ಸೊಂಟದ ಸ್ವಲ್ಪ ಮೇಲೆ ಜೋರಾಗಿ ಚಳುಕು ಹೊಡೆಯಿತು, ಅಷ್ಟೇ. ಮನೆಯಲ್ಲಿ ಎಲ್ಲರೂ ಉಳುಕು ಅಂದರು. ಎಕ್ಸ್‌ರೇಯಲ್ಲಿ ಎಲ್1, ಅಂದರೆ ಸೊಂಟದ ಭಾಗದ ಮೊದಲನೇ ಮಣಿ, ಮುಂದುಗಡೆ ತಗ್ಗಿ ಬೆಣೆಯ ಹಾಗೆ ಕಾಣುತ್ತಿತ್ತು. ಎಂಆರ್‌ಐ ಮಾಡಿಸಿದಾಗ ಅದರ ಮೇಲೆ ಇನ್ನೊಂದು ಮಣಿ ಹಿಂದೆಯೇ ಕುಸಿದದ್ದೂ ಗೊತ್ತಾಯಿತು. ಅದು ಯಾವಾಗ ಆಯಿತೋ! ಸೀರೆ ಉದ್ದವಾಗುತ್ತಿದೆ ಅಂತ ಗೊಣಗುತ್ತಿದ್ದೆ, ಕುಳ್ಳಗಾಗಿದ್ದು ನಾನು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ನನ್ನ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 3ಕ್ಕಿಂತ ಕೆಳಗಿಳಿದಿತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆ. ಮುಟ್ಟು ನಿಂತು ವರ್ಷಗಳಾಗಿದ್ದವು, ಜೊತೆಗೆ ಆಸ್ತಮಾಗೆ ಆಗಾಗ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದೆ. ಎರಡೂ ಮೂಳೆಯನ್ನು ಟೊಳ್ಳು ಮಾಡುತ್ತವೆ.

ಮೊದಲ ವಾರಗಳಲ್ಲಿ ದೊಡ್ಡ ಕೆಲಸ ಅಂದರೆ ಹಾಸಿಗೆಯಿಂದ ಏಳುವುದು. ನೆಟ್ಟಗೆ ಎದ್ದು ಕೂರಬಾರದು. ಮಂಡಿ ಮಡಚಿ, ಭುಜ, ಸೊಂಟ ಎರಡನ್ನೂ ಒಟ್ಟಿಗೆ ತಿರುಗಿಸಿ ಮಗ್ಗುಲಾಗಬೇಕು. ಆಮೇಲೆ ಕಾಲು ಕೆಳಗೆ ಬಿಟ್ಟು ಕೈಯೂರಿ ಏಳಬೇಕು. ಈಗಲೂ ಹಾಗೇ ಏಳುತ್ತೇನೆ. ಸೀನು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದೆ. ಯಾರೂ ಹೇಳದ ಇನ್ನೊಂದು ಕಷ್ಟ ಮಲಬದ್ಧತೆ. ನೋವಿನ ಮಾತ್ರೆಯಿಂದ ಅದು ಶುರುವಾಗುತ್ತದೆ, ಮುಕ್ಕಿದರೆ ಬೆನ್ನು ಕಿತ್ತುಬರುತ್ತದೆ. ಡಾಕ್ಟರನ್ನು ಕೇಳಿ ಮೊದಲೇ ಔಷಧಿ ಬರೆಸಿಕೊಳ್ಳಿ, ನಾಚಿಕೆ ಬೇಡ. ಕಮೋಡ್ ಇಲ್ಲದಿದ್ದರೆ ಅದರ ಕುರ್ಚಿಯಾದರೂ ತರಿಸಿ.

ಮಲಗಿಯೇ ಇರಿ ಅನ್ನುವವರು ಬಹಳ. ನನ್ನ ಡಾಕ್ಟರು ಕೆಲವೇ ದಿನ ಬಿಟ್ಟು ಬೆಲ್ಟ್ ಹಾಕಿಸಿ ನಡೆಸಿದರು. ಮಲಗಿದಷ್ಟೂ ಮೂಳೆ, ಸ್ನಾಯು ಎರಡೂ ಸೊರಗುತ್ತವೆ. ಬೆಲ್ಟನ್ನೂ ಕೊನೆಯವರೆಗೆ ಹಾಕಿಕೊಳ್ಳುವುದಲ್ಲ. ನೋವು ತಗ್ಗಿದ ಹಾಗೆ ನಿಧಾನಕ್ಕೆ ಬಿಟ್ಟೆ.

ಮಣಿಗೆ ಸಿಮೆಂಟ್ ತುಂಬುವ ವರ್ಟಿಬ್ರೊಪ್ಲಾಸ್ಟಿ ಮಾಡಿಸಲೇಬೇಕು ಅಂತ ಮಗಳು ಪಟ್ಟು ಹಿಡಿದಿದ್ದಳು. ಆದರೆ 2009ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ, ಸಿಮೆಂಟ್ ಹಾಕಿಸಿಕೊಂಡವರಿಗೂ, ಸಿಮೆಂಟ್ ಇಲ್ಲದೆ ಸುಮ್ನೆ ಹಾಕಿದ ಹಾಗೆ ಮಾಡಿಸಿಕೊಂಡವರಿಗೂ ನೋವಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲವಂತೆ. ಏನು ಮಾಡಿದರೂ ನೋವು ತಡೆಯಲಾಗದೆ ಹಾಸಿಗೆ ಹಿಡಿದವರ ವಿಷಯ ಬೇರೆ. ನಾವು ಕಾದೆವು. ಎರಡು, ಮೂರು ತಿಂಗಳಲ್ಲಿ ನೋವು ಬಹಳ ಇಳಿಯಿತು.

ಇಲ್ಲೇ ಜನ ಚಿಕಿತ್ಸೆ ಬಿಡುವುದು. ನೋವು ಹೋಯ್ತಲ್ಲ, ಇನ್ನೇನು ಅಂತ. ಆದರೆ ಒಂದು ಮಣಿ ಕುಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ರಾಗಿ, ಎಳ್ಳು, ಹಾಲು ಎಲ್ಲ ಬೇಕು, ವಿಟಮಿನ್ ಡಿ ಕೂಡ ಬೇಕು. ಅಷ್ಟರಿಂದಲೇ ಈ ಹಂತದ ಮೂಳೆ ಗಟ್ಟಿಯಾಗುವುದಿಲ್ಲ. ನನಗೆ ಹೊಸ ಮೂಳೆ ಬೆಳೆಸುವ ಟೆರಿಪ್ಯಾರಟೈಡ್ ಔಷಧಿ ಕೊಟ್ಟರು. ದಿನಾ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುವ ಪೆನ್ನು. ಬೆಲೆ ಜಾಸ್ತಿ. ಅದನ್ನು ಫ್ರಿಜ್ಜಿನಲ್ಲಿಡಬೇಕು, ಶುರು ಮಾಡಿ 28 ದಿನಕ್ಕೆ ಎಸೆಯಬೇಕು. ಮೊದಮೊದಲು ತಲೆ ಸುತ್ತುತ್ತಿತ್ತು, ಅದಕ್ಕೆ ರಾತ್ರಿ ಹಾಸಿಗೆಯ ಮೇಲೆ ಕೂತೇ ಚುಚ್ಚಿಕೊಳ್ಳುತ್ತಿದ್ದೆ. ಹೀಗೆ ಎರಡು ವರ್ಷ. ನಿಲ್ಲಿಸಿ ಸುಮ್ಮನಿದ್ದರೆ ಗಳಿಸಿದ ಮೂಳೆ ಮತ್ತೆ ಕರಗುತ್ತದೆ. ಅದಕ್ಕೇ ಈಗ ವರ್ಷಕ್ಕೊಮ್ಮೆ, ಮೂಳೆ ಕರಗದಂತೆ ತಡೆಯುವ ಝೋಲೆಡ್ರೊನಿಕ್ ಆ್ಯಸಿಡ್ ಡ್ರಿಪ್. ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮುಗಿಸಿಕೊಂಡೆ, ಏಕೆಂದರೆ ಅಪರೂಪಕ್ಕೆ ದವಡೆಗೆ ತೊಂದರೆ ಆಗುವುದುಂಟು. ಡ್ರಿಪ್ ಹಾಕಿದ ಮಾರನೇ ದಿನ ಜ್ವರ, ಮೈಕೈ ನೋವು ಬಂತು. ಪ್ಯಾರಸಿಟಮಾಲ್‌ಗೆ ಹೋಯಿತು.

ಮನೆಯಲ್ಲಿ ಈಳಿಗೆಮಣೆ ಅಟ್ಟ ಸೇರಿತು. ರಂಗೋಲಿ ಸೊಸೆಯ ಪಾಲಾಯಿತು. ಚುಕ್ಕಿ ತಪ್ಪಿದ್ದರೆ ನಿಂತಲ್ಲಿಂದಲೇ ಹೇಳುತ್ತೇನೆ, ಅವಳಿಗೆ ಸಿಟ್ಟು ಬರುತ್ತದೆ. ಯೋಗ ಬಿಟ್ಟಿಲ್ಲ. ಆದರೆ ಪಾದಹಸ್ತಾಸನ, ಪಶ್ಚಿಮೋತ್ತಾನಾಸನದಂಥ ಮುಂದೆ ಬಗ್ಗುವ ಆಸನ ನನಗಿಲ್ಲ, ಬೆನ್ನು ತಿರುಚುವುದೂ ಇಲ್ಲ. ಬಗ್ಗಿದಾಗ ಮಣಿಯ ಮುಂಭಾಗದ ಮೇಲೇ ಭಾರ ಬೀಳುವುದು. ಫಿಸಿಯೋ ಹೇಳಿಕೊಟ್ಟ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಭುಜ ಹಿಂದಕ್ಕೆಳೆಯುತ್ತೇನೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುತ್ತೇನೆ. ಯೋಗದ ಮೇಷ್ಟ್ರು "ಸ್ವಲ್ಪ ಬಗ್ಗಿ ನೋಡಿ ಅಮ್ಮಾ, ಏನೂ ಆಗಲ್ಲ" ಅಂದಿದ್ದರು. ಎಕ್ಸ್‌ರೇ ತಂದು ತೋರಿಸಿದೆ. ಈಗ ಹೊಸಬರು ಬಂದರೆ ಅವರೇ ಮೊದಲು ಮೂಳೆಯ ವಿಷಯ ಕೇಳುತ್ತಾರೆ.